ಥರ್ಮೋಕೋಲ್ ಮನೆಗೆ ಟಾರ್ಪಾಲ್, ನಮಗೆ ಮಳೆ

2024ರ ಅಕ್ಟೋಬರ್ ಮಳೆಯನ್ನು ಬೆಂಗಳೂರಿನವರು ಯಾರೂ ಮರೆತಿರಲ್ಲ. ಮಾನ್ಯತಾ ಟೆಕ್ ಪಾರ್ಕ್ ಒಳಗೆಲ್ಲಾ ನೀರು ನುಗ್ಗಿತ್ತು. 16ನೇ ತಾರೀಕು ಶಾಲೆಗಳಿಗೆ ರಜೆ ಕೊಟ್ಟರು. ಐಟಿಯವರನ್ನು ಮನೆಯಿಂದಲೇ ಕೆಲಸ ಮಾಡಿಸಿ ಅಂತ ಸರ್ಕಾರವೇ ಕಂಪನಿಗಳಿಗೆ ಹೇಳಿತು. ಒಳ್ಳೇದೇ, ನನ್ನ ತಕರಾರು ಅದರ ಬಗ್ಗೆ ಅಲ್ಲ. ಅದೇ ದಿನ ಬೆಳಿಗ್ಗೆ, ರಸ್ತೆ ಬದಿ ನಿಂತು ಸೈಟ್ ಪ್ರಚಾರ ಮಾಡುವ ನಮ್ಮಂಥ ಪ್ರೊಮೋಟರ್‌ಗಳ ವಾಟ್ಸಾಪ್ ಗ್ರೂಪ್‌ಗೆ ಬಂದ ಮೆಸೇಜ್ ಬಗ್ಗೆ. 'ಗುಡ್ ಮಾರ್ನಿಂಗ್ ಟೀಮ್, ಆಲ್ ಪ್ರೊಮೋಟರ್ಸ್ 10 ಗಂಟೆಗೆ ಲೊಕೇಶನ್‌ನಲ್ಲಿ ಇರಬೇಕು, ನೋ ಎಕ್ಸ್‌ಕ್ಯೂಸ್.' ಜೊತೆಗೆ ಎರಡು ಕೈ ಮುಗಿಯುವ ಇಮೋಜಿ.

ಅದು ದೀಪಾವಳಿ ಆಫರ್ ಸೀಸನ್. ಡಿಗ್ರಿ ಮುಗಿಸಿ ಕೆಲಸ ಸಿಗದೆ ಕೂತಿದ್ದವನಿಗೆ ದಿನಕ್ಕೆ 700 ರೂಪಾಯಿ ಅಂದರೆ ಬೇಡ ಅನ್ನೋಕೆ ಆಗುತ್ತಾ? ದೇವನಹಳ್ಳಿ ಕಡೆ ಯಾವುದೋ ಹೊಸ ಲೇಔಟ್. ಯಲಹಂಕ ನ್ಯೂ ಟೌನ್‌ನಲ್ಲಿ ರಸ್ತೆ ಬದಿ ಕ್ಯಾನೋಪಿ ಹಾಕಿಕೊಂಡು ನಿಲ್ಲಬೇಕು. ಪಾಂಪ್ಲೆಟ್ ಹಂಚಬೇಕು. ಸೈಟ್ ಬೇಕು ಅನ್ನುವವರ ಹೆಸರು, ಫೋನ್ ನಂಬರ್ ಬರೆದುಕೊಳ್ಳಬೇಕು. ಅದಕ್ಕೆ ಲೀಡ್ ಅಂತಾರೆ. ದಿನಕ್ಕೆ 40 ಲೀಡ್ ಟಾರ್ಗೆಟ್. ಬಿಸಿಲಿರುವ ಭಾನುವಾರವೇ 40 ಆಗೋದು ಕಷ್ಟ. ಮಳೆಯಲ್ಲಿ ಜನ ನಿಲ್ಲುವುದೇ ಇಲ್ಲ, ನಂಬರ್ ಕೊಡುವುದು ಎಲ್ಲಿಂದ ಬಂತು?

ಆ ಮಳೆ ಪಂಚಾಂಗದ ಪ್ರಕಾರ ಚಿತ್ತಾ ಮಳೆ. ಟಿವಿಯವರ ಪ್ರಕಾರ ವಾಯುಭಾರ ಕುಸಿತ. ನಮ್ಮ ಸೂಪರ್‌ವೈಸರ್ ಪ್ರಕಾರ 'ಸ್ವಲ್ಪ ತುಂತುರು ಅಷ್ಟೇ'. ಆತ ಕಾರಿನಿಂದ ಇಳಿದರೆ ತಾನೇ ಗೊತ್ತಾಗೋದು.

ಕ್ಯಾನೋಪಿ ನೋಡಿದ್ದೀರಲ್ಲ? ನಾಲ್ಕು ಕಾಲಿನ, ಮಡಚುವ ಟೆಂಟು. ನೆರಳಿಗೆ ಮಾಡಿದ್ದು, ಮಳೆಗಲ್ಲ. ಮೇಲಿನ ಬಟ್ಟೆ ಮಧ್ಯದಲ್ಲಿ ಜೋತು ಬಿದ್ದು ನೀರು ತುಂಬಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಕಂಬಿ ಬಗ್ಗಿಹೋಗುತ್ತದೆ. ಅದಕ್ಕೇ ಹತ್ತು ನಿಮಿಷಕ್ಕೊಮ್ಮೆ ಪೊರಕೆ ಹಿಡಿಯಿಂದ ಒಳಗಿನಿಂದ ಮೇಲಕ್ಕೆ ತಳ್ಳಬೇಕು. ತಳ್ಳಿದಾಗ ಬಕೆಟ್‌ಗಟ್ಟಲೆ ನೀರು ಒಂದು ಕಡೆಯಿಂದ ಧಬ್ ಅಂತ ಬೀಳುತ್ತದೆ. ಗಾಳಿ ಯಾವ ಕಡೆ ಇದ್ದರೂ ಅದು ಬೀಳುವುದು ತಳ್ಳಿದವನ ಬೆನ್ನ ಮೇಲೆಯೇ. ಟೆಂಟು ಹಾರಿಹೋಗದಿರಲಿ ಅಂತ ಕಾಲುಗಳಿಗೆ ಹಗ್ಗ ಕಟ್ಟಿ, ಪಕ್ಕದ ಕಟ್ಟಡದ ಹತ್ತಿರ ಬಿದ್ದಿದ್ದ ಸೈಜುಗಲ್ಲು ತಂದು ಇಟ್ಟಿದ್ದೆವು. ಅದಕ್ಕೂ ಆ ಕಟ್ಟಡದ ವಾಚ್‌ಮನ್ ಹತ್ತಿರ ಬೈಸಿಕೊಂಡಿದ್ದು ಬೇರೆ.

ಟೇಬಲ್ ಮೇಲೆ ವಿಲ್ಲಾದ ಮಾಡೆಲ್ ಒಂದಿತ್ತು. ಥರ್ಮೋಕೋಲ್ ಗೋಡೆ, ಹಸಿರು ಪುಡಿ ಅಂಟಿಸಿದ ಲಾನ್, ಬೆರಳುದ್ದದ ತೆಂಗಿನ ಮರ. ಮಳೆ ಜೋರಾದ ತಕ್ಷಣ ಸೂಪರ್‌ವೈಸರ್ ಕಾರಿನ ಗಾಜು ನಾಲ್ಕು ಬೆರಳು ಇಳಿಸಿ ಕೂಗಿದ, 'ಏಯ್, ಮಾಡೆಲ್ ಮುಚ್ರೋ, ಅದಕ್ಕೆ ಎಂಟ್ ಸಾವ್ರ ಆಗಿದೆ!' ಡಿಕ್ಕಿಯಿಂದ ಹೊಚ್ಚಹೊಸ ನೀಲಿ ಟಾರ್ಪಾಲ್ ಬಂತು. ಮಾಡೆಲ್‌ಗೆ ಎರಡು ಸುತ್ತು ಸುತ್ತಿದೆವು. ಸುತ್ತಿದ ನಾವು ತೊಪ್ಪೆ ಆಗಿದ್ದೆವು. ಒಂದು ರೇನ್‌ಕೋಟ್ ಕೊಡಿ ಸರ್ ಅಂದಿದ್ದಕ್ಕೆ ಸಿಕ್ಕಿದ ಉತ್ತರ ಏನು ಗೊತ್ತಾ? 'ರೇನ್‌ಕೋಟ್ ಹಾಕಿದ್ರೆ ಟಿ-ಶರ್ಟ್ ಮೇಲಿನ ಲೋಗೋ ಕಾಣಲ್ವಲ್ಲಪ್ಪ.'

ಇನ್ನು ಫೋಟೋ ಕಾಟ. ಗಂಟೆಗೊಂದು ಸಲ ಜಿಪಿಎಸ್ ಕ್ಯಾಮೆರಾ ಆ್ಯಪ್‌ನಲ್ಲಿ ಫೋಟೋ ತೆಗೆದು ಗ್ರೂಪ್‌ಗೆ ಹಾಕಬೇಕು. ಜಾಗ, ಟೈಮು ಎಲ್ಲಾ ಫೋಟೋ ಮೇಲೆ ಬರುತ್ತದೆ, ನಾವು ಕಳ್ಳಾಟ ಆಡದಿರಲಿ ಅಂತ. ಸರಿ, ಹಾಕಿದೆವು. ವಾಪಸ್ ಮೆಸೇಜ್ ಬಂತು, 'ಫೋಟೋದಲ್ಲಿ ಮಳೆ ಕಾಣ್ತಿದೆ, ಕ್ಲೈಂಟ್‌ಗೆ ಕಳಿಸೋಕೆ ಆಗಲ್ಲ, ಸ್ಮೈಲ್ ಮಾಡಿ ಇನ್ನೊಂದು ತೆಗೀರಿ.' ಮಳೆ ಕಾಣದ ಹಾಗೆ ಮಳೆಯಲ್ಲಿ ಫೋಟೋ ಹೇಗೆ ತೆಗೆಯೋದು ಅಂತ ಯಾರಾದರೂ ಹೇಳಿಕೊಡಿ. ಒದ್ದೆ ಬೆರಳಿಗೆ ಫೋನ್ ಲಾಕೇ ತೆಗೆಯುತ್ತಿರಲಿಲ್ಲ.

ಪಾಂಪ್ಲೆಟ್ ಮಿರಮಿರ ಮಿಂಚುವ ದಪ್ಪ ಕಾಗದದ್ದು. ತೇವ ಆದರೆ ಒಂದಕ್ಕೊಂದು ಅಂಟಿಕೊಂಡು ಇಡೀ ಕಟ್ಟು ಇಟ್ಟಿಗೆ ಆಗಿಬಿಡುತ್ತದೆ. ಬಿಡಿಸಲು ಹೋದರೆ ಬಣ್ಣ ಕೈಗೆ ಬರುತ್ತದೆ. ತೆಗೆದುಕೊಂಡವರು ಮೂರು ಹೆಜ್ಜೆ ಆಚೆ ಹೋಗಿ ಬಿಸಾಡುತ್ತಾರೆ, ಅದು ಫುಟ್‌ಪಾತ್‌ಗೆ ಕಚ್ಚಿಕೊಳ್ಳುತ್ತದೆ. ಗುಡಿಸಲು ಬಂದ ಪೌರಕಾರ್ಮಿಕ ಅಮ್ಮ ನನ್ನನ್ನು ಚೆನ್ನಾಗಿ ಝಾಡಿಸಿದರು. 'ಏನಪ್ಪಾ, ನೀನು ಕೊಡ್ತೀಯ, ಅವ್ರು ಎಸೀತಾರೆ, ಉಗುರಲ್ಲಿ ಕೆರೀಬೇಕಾದೋಳು ನಾನು.' ಅವರ ಮೈಮೇಲೂ ರೇನ್‌ಕೋಟ್ ಇರಲಿಲ್ಲ. ತಲೆಗೆ ಒಂದು ಗೊಬ್ಬರದ ಚೀಲ ಕೊಪ್ಪೆ ಹಾಕಿಕೊಂಡಿದ್ದರು, ಅಷ್ಟೇ.

ನನ್ನ ಜೊತೆ ಕೋಲಾರದ ಕಡೆಯ ಹುಡುಗಿ ಒಬ್ಬಳಿದ್ದಳು. ಅವಳ ಪಾಡು ಇನ್ನೂ ಕಷ್ಟ. ಬೆಳಿಗ್ಗೆಯಿಂದ ರಾತ್ರಿ 8ರವರೆಗೆ ನಿಲ್ಲಿಸುವವರಿಗೆ ಟಾಯ್ಲೆಟ್ ಅನ್ನುವ ಯೋಚನೆಯೇ ಇಲ್ಲ. ಎದುರಿನ ದರ್ಶಿನಿಗೆ ಹೋದರೆ ಕಸ್ಟಮರ್‌ಗಳಿಗೆ ಮಾತ್ರ ಅಂತಾರೆ. ಹೋಗಬೇಕು ಅಂದರೆ ಕಾಫಿ ತಗೋಬೇಕು. ಆ ಚಳಿಯಲ್ಲಿ ಕಾಫಿ ಕುಡಿದರೆ ಮತ್ತೆ ಹೋಗಬೇಕು. ಕೊನೆಗೆ ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ಇದನ್ನೂ ಹೇಳಿದೆವು. 'ಅಡ್ಜಸ್ಟ್ ಮಾಡ್ಕೊಳ್ಳಿ' ಅಂದರು. ಅಡ್ಜಸ್ಟ್ ಮಾಡುವವರು ಯಾವಾಗಲೂ 700 ರೂಪಾಯಿಯವರೇ ಯಾಕೆ?

ಆಮೇಲಿನ ವಾರ ಯಲಹಂಕದಲ್ಲಿ ಏನಾಯಿತು ಅಂತ ನೀವೇ ಟಿವಿಯಲ್ಲಿ ನೋಡಿದ್ದೀರಿ. ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್‌ಗೆ ಕೆರೆ ನೀರು ನುಗ್ಗಿ ಜನರನ್ನು ಬೋಟಿನಲ್ಲಿ ಕರೆತಂದರು. ಅಷ್ಟಾದರೂ ನಾವು ಅದೇ ಯಲಹಂಕದಲ್ಲಿ 'ಕನಸಿನ ಮನೆ ಕಟ್ಟಿಕೊಳ್ಳಿ' ಅಂತ ಪಾಂಪ್ಲೆಟ್ ಚಾಚುತ್ತಾ ನಿಂತಿದ್ದೆವು! ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು ಹೋಗುತ್ತಿದ್ದ ಒಬ್ಬರು ಕೇಳಿದರು, 'ಸೈಟ್ ಜೊತೆ ಬೋಟ್ ಫ್ರೀನಾ ಗುರು?' ನಗು ಬಂತು ನಿಜ. ಇನ್ನೊಬ್ಬರಿಗೆ ಮಾತ್ರ ನಗು ಇರಲಿಲ್ಲ. ಅವರ ಮನೆಗೇ ನೀರು ನುಗ್ಗಿತ್ತಂತೆ. 'ಕೆರೆ ನುಂಗಿ ಲೇಔಟ್ ಮಾಡಿ ನಮಗೇ ಮಾರೋಕೆ ಬಂದಿದ್ದೀರಾ, ನಾಚಿಕೆ ಆಗಲ್ವಾ?' ಅಂತ ನನ್ನ ಮುಖಕ್ಕೇ ಬೈದರು. ನಾನು ಲೇಔಟ್ ಮಾಡಿದೆನಾ ಸ್ವಾಮಿ? ನನಗೆ ಆ ಲೇಔಟ್ ಎಲ್ಲಿದೆ ಅಂತಲೂ ಗೊತ್ತಿಲ್ಲ. ಮಾಡಿದವರು ಎಲ್ಲೋ ಎಸಿ ರೂಮಿನಲ್ಲಿ ಇರುತ್ತಾರೆ, ಬೈಸಿಕೊಳ್ಳೋಕೆ ನಾವು.

ಇಷ್ಟೆಲ್ಲಾ ಸಹಿಸಿಕೊಂಡಿದ್ದು ದುಡ್ಡಿಗೆ ತಾನೇ? ಅದರಲ್ಲೂ ಕತ್ತರಿ. ಮಳೆ ಜಾಸ್ತಿಯಾಗಿ ಮಧ್ಯಾಹ್ನವೇ ಕ್ಯಾನೋಪಿ ಮಡಚಿಸಿದ ದಿನಗಳಿಗೆಲ್ಲಾ 'ಹಾಫ್ ಡೇ' ಅಂತೆ. ಮಡಚಿ ಅಂದವರು ಅವರು. ನಾವು ಸಂಜೆವರೆಗೂ ಅಲ್ಲೇ ಅಂಗಡಿ ಸೂರಿನ ಕೆಳಗೆ, ಮಳೆ ನಿಂತರೆ ಮತ್ತೆ ಹಾಕೋಣ ಅಂತ ಕಾಯುತ್ತಾ ನಿಂತಿದ್ದೆವು. ಆಗ ಜಾರಿಯಲ್ಲಿದ್ದ 1948ರ ಕನಿಷ್ಠ ವೇತನ ಕಾಯ್ದೆಯ 15ನೇ ಸೆಕ್ಷನ್ ಓದಿ ನೋಡಿ. ಕೆಲಸಗಾರ ಮಾಡಲು ತಯಾರಿದ್ದೂ ಕೆಲಸ ಕೊಡದೆ ಬೇಗ ನಿಲ್ಲಿಸಿದರೆ ಇಡೀ ದಿನದ ಕೂಲಿ ಕೊಡಬೇಕು ಅಂತ ಇತ್ತು. ಕೆಲಸಗಾರನಿಗೇ ಮನಸ್ಸಿಲ್ಲದೆ ಬಿಟ್ಟಿದ್ದರೆ ಕತ್ತರಿಸಬಹುದಿತ್ತು. ಅದರ ಸ್ಕ್ರೀನ್‌ಶಾಟ್ ಗ್ರೂಪ್‌ಗೆ ಹಾಕಿದೆ. ಬಂದಿದ್ದು ಒಂದು ಹೆಬ್ಬೆಟ್ಟು. ಐದು ನಿಮಿಷ ಬಿಟ್ಟು ನನ್ನನ್ನು ಗ್ರೂಪ್‌ನಿಂದ ತೆಗೆದರು.

ಹಾಫ್ ಡೇ ಲೆಕ್ಕದ ದುಡ್ಡೂ ಇನ್ನೂ ಕೈಗೆ ಬಂದಿಲ್ಲ. ಫೋನ್ ಮಾಡಿದರೆ ಕ್ಲೈಂಟ್ ಬಿಲ್ ಪಾಸ್ ಆಗಬೇಕು ಅಂತಾರೆ. ನಿನ್ನೆ ಮಾತ್ರ ಅವರಾಗೇ ಫೋನ್ ಮಾಡಿದರು. ಕ್ಯಾಪು, ಟಿ-ಶರ್ಟ್ ವಾಪಸ್ ಕೊಟ್ಟರೆ ಸೆಟಲ್‌ಮೆಂಟ್ ಮಾಡುತ್ತಾರಂತೆ. ಮಳೆಯಲ್ಲಿ ನೆಂದು ನೆಂದು ಬಣ್ಣ ಬಿಟ್ಟ ಆ ಕೆಂಪು ಟಿ-ಶರ್ಟ್ ನನ್ನ ಎರಡು ಬನಿಯನ್ ಹಾಳು ಮಾಡಿದೆ. ಅದನ್ನು ಒಗೆದು, ಇಸ್ತ್ರಿ ಮಾಡಿಸಿ ಕೊಡಬೇಕಂತೆ. ಇಸ್ತ್ರಿ ದುಡ್ಡು ಯಾರು ಕೊಡ್ತಾರೆ ಸರ್ ಅಂದೆ. ಫೋನ್ ಕಟ್ ಮಾಡಿದರು.