ಬಣ್ಣ ಕಪ್ಪಾದರೆ ರಮ್ ಹಳೆಯದಾ?

"ರಮ್ ಎಷ್ಟು ಕಪ್ಪೋ ಅಷ್ಟು ಹಳೆಯದು, ಅಷ್ಟು ಶುದ್ಧ." ಮಂಗಳೂರಿನ ನಮ್ಮ ವಾಟ್ಸಾಪ್ ಗುಂಪಿಗೂ ಈ ಮೆಸೇಜು ಬಂತು. ಇದು ನಿಜವಲ್ಲ.

ಕಾಕಂಬಿಗೆ ಹುಳಿ ಬರಿಸಿ ಭಟ್ಟಿ ಇಳಿಸಿದಾಗ ಸಿಗುವ ರಮ್ ನೀರಿನಷ್ಟೇ ತಿಳಿ. ಬಣ್ಣ ಬರುವುದು ಆಮೇಲೆ, ಓಕ್ ಮರದ ಪೀಪಾಯಿಯಿಂದ. ಇಲ್ಲವೇ ಬೆರೆಸಿದ ಕ್ಯಾರಮೆಲ್‌ನಿಂದ. ಅದಕ್ಕೆ ವರ್ಷಗಟ್ಟಲೆ ಕಾಯಬೇಕಿಲ್ಲ, ಅಲ್ವಾ?

ಮೊನ್ನೆ ಗಲ್ಫಿನಿಂದ ಬಂದ ಗೆಳೆಯರೊಬ್ಬರು ಬಾರ್ಬಡೋಸ್‌ನ ರಮ್ ತಂದಿದ್ದರು. ಭಟ್ಟಿ ಇಳಿಸಿದವರು ಬೇರೆ, ಪೀಪಾಯಿ ಕೊಂಡು ತಮ್ಮ ಹೆಸರಲ್ಲಿ ಬಾಟಲಿಗೆ ತುಂಬಿದವರು ಬೇರೆ. ಕೊನೆಯ ಕೆಲವು ತಿಂಗಳು ಅದನ್ನು ಸ್ಪೇನಿನ ಶೆರಿ ವೈನ್ ತುಂಬಿದ್ದ ಪೀಪಾಯಿಯಲ್ಲಿ ಇಟ್ಟಿದ್ದರಂತೆ. ಅಷ್ಟರಲ್ಲೇ ಬಣ್ಣಕ್ಕೆ ಕೆಂಪು ಛಾಯೆ ಏರುತ್ತದೆ. ಮೂಗಿಗೆ ಒಣದ್ರಾಕ್ಷಿ, ಖರ್ಜೂರ. ನಾಲಿಗೆಗೆ ಮೊದಲು ಚುರುಕು. ನಾಲ್ಕು ಹನಿ ನೀರು ಹಾಕಿದ ಮೇಲೆ ಹುರಿದ ಬಾದಾಮಿ, ಕೊನೆಗೆ ಓಲೆ ಬೆಲ್ಲದ ನೆನಪು. ನನಗೆ ತುಂಬಾ ಹಿಡಿಸಿತು.

ವಯಸ್ಸು ಬೇಕಾದರೆ ಲೇಬಲ್ ಓದಿ. ಜಮೈಕಾದ ರಮ್ಮಿನಲ್ಲಿ ಬರೆದಿರುವುದು ಮಿಶ್ರಣದ ಅತಿ ಎಳೆಯ ರಮ್ಮಿನ ವಯಸ್ಸು. ಇನ್ನು ಶುದ್ಧತೆಗೂ ಬಣ್ಣಕ್ಕೂ ಸಂಬಂಧವೇ ಇಲ್ಲ. ಕೆಲವು ಬಿಳಿ ರಮ್‌ಗಳನ್ನು ಪೀಪಾಯಿಯಲ್ಲಿ ಮಾಗಿಸಿ, ಆಮೇಲೆ ಇದ್ದಿಲಿನಲ್ಲಿ ಸೋಸಿ ಬಣ್ಣ ತೆಗೆದಿರುತ್ತಾರೆ.