ಮೇಲೆ ಹಳದಿ, ಕೆಳಗೆ ಕೆಂಪು

ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆಂದು ಗೂಗಲ್ ಶೀಟ್ ತೆರೆಯುತ್ತಾರೆ. ಮುಗಿದ ಕೆಲಸಕ್ಕೆ ಹಸಿರು, ನಡೆಯುತ್ತಿರುವುದಕ್ಕೆ ಹಳದಿ, ಶುರುವಾಗದ್ದಕ್ಕೆ ಕೆಂಪು. ಅಕ್ಟೋಬರ್ 31ರ ರಾತ್ರಿ ನೋಡಿದರೆ ಹಸಿರಿನ ಸುಳಿವಿಲ್ಲ; ಮೇಲೆ ಹಳದಿ, ಕೆಳಗೆ ಕೆಂಪು. ಧ್ವಜಾರೋಹಣ ಒಂದು ದಿನ ಮೊದಲೇ ಆಗಿಹೋಗಿದೆ.

ಎಡವಟ್ಟು ಶುರುವಾಗುವುದು ಬಣ್ಣವನ್ನು ಕೈಯಲ್ಲಿ ಬಳಿಯಲು ಬಿಟ್ಟಾಗ. ಒಬ್ಬರದು ಗಿಳಿಹಸಿರು, ಇನ್ನೊಬ್ಬರದು ಪಾಚಿಹಸಿರು. ಮೂರನೆಯವರ ತಿಳಿನೀಲಿಗೆ ಅರ್ಥ ಅವರಿಗೇ ಮರೆತಿದೆ. ಎಷ್ಟು ಮುಗಿದಿವೆ ಎಂದು ಲೆಕ್ಕ ಹಾಕುವ ಕೌಂಟ್‌ಇಫ್ ಸೂತ್ರವೋ ಪದ ಎಣಿಸುತ್ತದೆಯೇ ಹೊರತು ಬಣ್ಣವನ್ನಲ್ಲ.

ಆದ್ದರಿಂದ 'ಸ್ಥಿತಿ' ಕಾಲಮ್ಮಿಗೆ ಮೂರೇ ಪದಗಳಲ್ಲಿ ಒಂದನ್ನು ಆರಿಸುವ ಡ್ರಾಪ್‌ಡೌನ್ ಹಾಕಿ, ಬಣ್ಣವನ್ನು ಪದ ನೋಡಿ ತಾನೇ ಬಳಿಯುವ ಕಂಡೀಷನಲ್ ಫಾರ್ಮ್ಯಾಟಿಂಗ್‌ಗೆ ಒಪ್ಪಿಸಿ. ಬರೆಯಲು ಬಿಟ್ಟರೆ 'ಆಯ್ತು', 'ಆದ ಹಾಗೇ', 'ಹೇಳಿದ್ದೀನಿ' ಎಲ್ಲವೂ ಬರುತ್ತವೆ. 'ಮುಗಿದಿದೆ' ಪದದ ಕೊನೆಗೆ ಒಂದು ಸ್ಪೇಸ್ ಬಿದ್ದರೂ ಶೀಟಿಗೆ ಅದು ಬೇರೆಯೇ ಪದ. ಬೇರೆಡೆಯಿಂದ ತಂದು ಅಂಟಿಸಿದರಂತೂ ಡ್ರಾಪ್‌ಡೌನೇ ಅಳಿಸಿಹೋಗುತ್ತದೆ. ಕಂಟ್ರೋಲ್-ಶಿಫ್ಟ್-ವಿ ಒತ್ತಿದರೆ ಬರೀ ಪದ ಬಂದು ಕೂರುತ್ತದೆ.

ಇಡೀ ಸಾಲಿಗೆ ಬಣ್ಣ ಬಳಿಯುವ ಸೂತ್ರದಲ್ಲಿ ಕಾಲಮ್ಮಿನ ಅಕ್ಷರಕ್ಕೆ ಮೊದಲು, $C2 ಎಂಬಂತೆ, ಡಾಲರ್ ಚಿಹ್ನೆ ಬೇಕೇ ಬೇಕು. ಮರೆತರೆ ಇಡೀ ಸಾಲಿನ ಬದಲು ಮೊದಲ ಕಾಲಮ್ಮಿನ ಕ್ರಮಸಂಖ್ಯೆಯಷ್ಟೇ ಹಸಿರಾಗುತ್ತದೆ. ವ್ಯಾಪ್ತಿ 1ನೇ ಸಾಲಿನಿಂದ ಶುರುವಾಗಿ ಸೂತ್ರದಲ್ಲಿ 2 ಎಂದಿದ್ದರೆ ಇನ್ನೂ ಮಜಾ: ಶಾಮಿಯಾನದವರು ದುಡಿಯುತ್ತಾರೆ, ಮೇಲಿನ ಸಾಲಿನ ಮೈಕ್‌ಸೆಟ್‌ನವರಿಗೆ ಶಹಬ್ಬಾಸ್‌ಗಿರಿ.

ಯಾರೋ ಪುಣ್ಯಾತ್ಮರು ಹೆಸರಿನ ಕಾಲಮ್ಮನ್ನಷ್ಟೇ ಆರಿಸಿ ಅಕಾರಾದಿಯಾಗಿ ಜೋಡಿಸುವುದೂ ಉಂಟು. ಕೆಲಸಗಳು ಇದ್ದಲ್ಲೇ, ಹೆಸರುಗಳು ಮಾತ್ರ ಎದ್ದು ಓಡಾಡಿ, ಚಂದಾ ಎತ್ತಬೇಕಾದವರ ಪಾಲಿಗೆ ಡೊಳ್ಳು ಕುಣಿತ ಬರುತ್ತದೆ. ವರ್ಷನ್ ಹಿಸ್ಟರಿಗೆ ಹೋಗಿ ಹಳೆಯ ಪ್ರತಿ ವಾಪಸ್ ತರಬಹುದು. ಉಳಿದವರ ಶೀಟು ಕದಲಿಸದೆ ತಮ್ಮಷ್ಟಕ್ಕೆ ಜೋಡಿಸಿ ನೋಡಬಯಸುವವರಿಗೆ ಫಿಲ್ಟರ್ ವ್ಯೂ ಇದೆ.

ಇನ್ನು ಹಳದಿ. ಅದರಷ್ಟು ಆರಾಮದ ಬಣ್ಣ ಇನ್ನೊಂದಿಲ್ಲ, ಯಾರೂ ಬಯ್ಯುವುದಿಲ್ಲ. ಗಡುವು ಮೀರಿದರೆ ಕೆಂಪಾಗಲಿ ಎಂಬ ನಿಯಮವನ್ನು ಹಳದಿಯ ನಿಯಮಕ್ಕಿಂತ ಮೇಲಿಡಬೇಕು, ಮೊದಲು ಹೊಂದಿದ್ದೇ ಗೆಲ್ಲುವುದರಿಂದ. ದಿನಾಂಕ ಖಾಲಿ ಬಿಟ್ಟರೆ ಶೀಟು ಅದನ್ನು ಸೊನ್ನೆ ಎಂದುಕೊಂಡು ಕೂಡಲೇ ಕೆಂಪಾಗುತ್ತದೆ. ಇದನ್ನು ಕಂಡುಕೊಂಡವರು ಅಲ್ಲಿ 'ನಾಳೆ' ಎಂದು ಬರೆಯುತ್ತಾರೆ. ಶೀಟಿನ ಲೆಕ್ಕದಲ್ಲಿ ಅಕ್ಷರ ಯಾವತ್ತೂ ಅಂಕಿಗಿಂತ ದೊಡ್ಡದು, ಆ ಗಡುವು ಮೀರುವುದೇ ಇಲ್ಲ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನೇ ವಾಪಸ್ ಕಳಿಸಿದ ಊರಿನವರಿಗೆ ಒಂದು ಶೀಟು ಯಾವ ಲೆಕ್ಕ?