ಸಭೆಯನ್ನೇ ಕರೆಯದಿದ್ದರೆ ಪರಿಷತ್ತಿಗೆ ಸದಸ್ಯರಿದ್ದು ಏನು ಪ್ರಯೋಜನ?

ಸರ್ಕಾರ ಯಾವುದಾದರೂ ಪರಿಷತ್ತಿಗೋ ಮಂಡಳಿಗೋ ಸದಸ್ಯರನ್ನು ನೇಮಿಸಿತು ಅಂದ ತಕ್ಷಣ ಯಾರಿಗೆ ಸಿಕ್ಕಿತು, ಯಾರಿಗೆ ಕೈತಪ್ಪಿತು, ಯಾವ ಜಿಲ್ಲೆಗೆ ಎಷ್ಟು ಅನ್ನುವ ಮಾತು ಶುರುವಾಗುತ್ತದೆ. ಪಟ್ಟಿ ವಾಟ್ಸಾಪ್‌ನಲ್ಲಿ ಓಡಾಡುತ್ತದೆ, ಹಾರ ಶಾಲಿನ ಫೋಟೋಗಳು ಬರುತ್ತವೆ. ಅಷ್ಟೆ. ಆಮೇಲೆ ಅದು ಎಷ್ಟು ಸಲ ಸೇರಿತು, ಏನು ಮಾತಾಡಿತು ಅಂತ ಕೇಳುವವರೇ ಇಲ್ಲ. ನನಗೆ ಮುಖ್ಯ ಅನ್ನಿಸುವುದು ಈ ಎರಡನೇ ಪ್ರಶ್ನೆಯೇ. ಎಂಥ ಒಳ್ಳೆಯವರನ್ನು ಸದಸ್ಯರಾಗಿ ಮಾಡಿದರೂ ಸಭೆ ಕರೆಯುವ ಅಧಿಕಾರ ಪೂರ್ತಿ ಅಧ್ಯಕ್ಷರ ಕೈಯಲ್ಲೇ ಇದ್ದರೆ, ಅವರು ಕರೆಯದಿದ್ದಾಗ ಏನು ಮಾಡಬೇಕು ಅಂತ ನಿಯಮದಲ್ಲಿ ಒಂದು ಸಾಲೂ ಇಲ್ಲದಿದ್ದರೆ, ಆ ಪರಿಷತ್ತು ನಡೆಯುವುದಿಲ್ಲ.

ಜಿಲ್ಲಾ ಗ್ರಾಹಕ ಸಂರಕ್ಷಣಾ ಪರಿಷತ್ತನ್ನೇ ತಗೊಳ್ಳಿ. ನಾವು ಕೇಸು ಹಾಕುವ ಗ್ರಾಹಕರ ಆಯೋಗ ಬೇರೆ, ಇದು ಬೇರೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಇಂಥದ್ದೊಂದು ಇರಬೇಕು. ಜಿಲ್ಲಾಧಿಕಾರಿ ಅಧ್ಯಕ್ಷರು. ಅಧಿಕಾರಿಗಳೂ ಇರುತ್ತಾರೆ, ಹೊರಗಿನವರೂ ಇರುತ್ತಾರೆ. ಇದರ ಕೆಲಸ ಸಲಹೆ ಕೊಡುವುದು ಮಾತ್ರ, ಆದರೆ ಅದನ್ನು ಸಣ್ಣದು ಅಂತ ನಾನು ಒಪ್ಪಲ್ಲ. ತೂಕದಲ್ಲಿ ಮೋಸ, ಸಿಲಿಂಡರ್ ತಂದುಕೊಟ್ಟವರು ಬಿಲ್ಲಿಗಿಂತ ಜಾಸ್ತಿ ಕೇಳುವುದು, ಅವಧಿ ಮುಗಿದ ಪ್ಯಾಕೆಟ್ಟುಗಳು, ಇಂಥದ್ದನ್ನೆಲ್ಲ ಒಬ್ಬ ಸಾಮಾನ್ಯ ಸದಸ್ಯ ನೇರವಾಗಿ ಡಿಸಿ ಎದುರಿಗೇ ಎತ್ತಬಹುದಾದ ಜಾಗ ಅದು. ವರ್ಷಕ್ಕೆ ಕನಿಷ್ಠ 2 ಸಭೆ ಆಗಬೇಕು ಅಂತ ಕಾಯ್ದೆಯಲ್ಲೇ ಇದೆ. ರಾಜ್ಯ ಪರಿಷತ್ತಿಗೂ 2, ಕೇಂದ್ರದ್ದಕ್ಕೆ 1. ಸರಿ, ಆಗಲಿಲ್ಲ ಅನ್ನಿ. ಆಗ? ಕಾಯ್ದೆಯ ಆ ಭಾಗ ಅಲ್ಲಿಗೇ ಸುಮ್ಮನಾಗುತ್ತದೆ. ಯಾರು ಉತ್ತರ ಕೊಡಬೇಕು, ಬೇರೆ ಯಾರಾದರೂ ಕರೆಯಬಹುದಾ, ಏನೂ ಇಲ್ಲ.

ಇದು ಜಿಲ್ಲೆ ಮಟ್ಟದ ಉದಾಸೀನ ಮಾತ್ರ ಅಂದುಕೊಳ್ಳಬೇಡಿ. ಕೇಂದ್ರವೂ ರಾಜ್ಯಗಳೂ ಒಟ್ಟಿಗೆ ಕೂತು ಮಾತಾಡಬೇಕಾದ ಅಂತರರಾಜ್ಯ ಪರಿಷತ್ತಿನ ಕಥೆ ನೋಡಿ. ಸಂವಿಧಾನದ 263ನೇ ವಿಧಿಯ ಕೆಳಗೆ, ಕೇಂದ್ರ-ರಾಜ್ಯ ಸಂಬಂಧಗಳನ್ನು ಪರಿಶೀಲಿಸಿದ ಸರ್ಕಾರಿಯಾ ಆಯೋಗದ ಶಿಫಾರಸಿನ ಮೇಲೆ, 1990ರಲ್ಲಿ ರಾಷ್ಟ್ರಪತಿಗಳ ಆದೇಶದಿಂದ ಹುಟ್ಟಿದ್ದು. ಪ್ರಧಾನಿ ಅಧ್ಯಕ್ಷರು, ಎಲ್ಲ ರಾಜ್ಯಗಳ ಮುಖ್ಯಮಂತ್ರಿಗಳು ಸದಸ್ಯರು, ಕೇಂದ್ರದ ಆರು ಮಂದಿ ಕ್ಯಾಬಿನೆಟ್ ಸಚಿವರು. ಇದಕ್ಕಿಂತ ತೂಕದ ಸದಸ್ಯತ್ವ ಯಾವ ಪರಿಷತ್ತಿಗಿದೆ ಹೇಳಿ? ವರ್ಷಕ್ಕೆ ಕನಿಷ್ಠ 3 ಸಭೆ ಅಂತ ಆದೇಶದಲ್ಲಿದೆ. 10ನೇ ಸಭೆ ನಡೆದದ್ದು 2006ರ ಡಿಸೆಂಬರ್‌ನಲ್ಲಿ. 11ನೇದು 2016ರ ಜುಲೈನಲ್ಲಿ. ನಡುವೆ ಹತ್ತಿರ ಹತ್ತಿರ ಹತ್ತು ವರ್ಷ. ಲೆಕ್ಕದ ಪ್ರಕಾರ 25ಕ್ಕೂ ಜಾಸ್ತಿ ಸಭೆ ಆಗಬೇಕಿತ್ತು. ಒಂದು ಪಕ್ಷದ ಸರ್ಕಾರ ಹೋಗಿ ಇನ್ನೊಂದು ಬಂತು, ಎರಡೂ ಕಡೆಯವರು ಇದರಲ್ಲಿ ಪಾಲುದಾರರು, ಹಾಗಾಗಿ ದಯವಿಟ್ಟು ಕಾಮೆಂಟಿನಲ್ಲಿ ಪಕ್ಷ ತರಬೇಡಿ.

ಜಿಎಸ್‌ಟಿ ಪರಿಷತ್ತಿಗೂ ಮೂರು ತಿಂಗಳಿಗೊಮ್ಮೆ ಸೇರಬೇಕು ಅನ್ನುವ ನಿಯಮ ಇದೆ. ಅದರಲ್ಲಿ ದುಡ್ಡಿನ ವಿಷಯ ಇರುವುದರಿಂದ ಸಾಮಾನ್ಯವಾಗಿ ಸೇರುತ್ತದೆ ಕೂಡ. ಆದರೂ 2020ರ ಅಕ್ಟೋಬರ್‌ನಲ್ಲಿ 42ನೇ ಸಭೆ ಮುಗಿದ ಮೇಲೆ 43ನೇದು ಆಗಿದ್ದು 2021ರ ಮೇ 28ಕ್ಕೆ. ಕೋವಿಡ್‌ನಿಂದ ರಾಜ್ಯಗಳ ಆದಾಯ ಕುಸಿದಿದ್ದ ಆ ಹೊತ್ತಿನಲ್ಲೇ ಏಳು ತಿಂಗಳು ಸಭೆ ಇಲ್ಲ.

ಇನ್ನು ಸದಸ್ಯತ್ವದ ವಿಷಯ. ನೇಮಕದ ಆದೇಶಗಳಲ್ಲಿ ಒಂದು ಸಾಲು ಮಾಮೂಲಿಯಾಗಿ ಇರುತ್ತದೆ: "ಮೂರು ವರ್ಷಗಳ ಅವಧಿಗೆ ಅಥವಾ ಸರ್ಕಾರದ ಮುಂದಿನ ಆದೇಶದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ." ಮೂರು ವರ್ಷ ಅಂತ ಕೊಟ್ಟ ಮಾತನ್ನು ಅದೇ ಸಾಲಿನ ಉಳಿದರ್ಧ ವಾಪಸ್ ತೆಗೆದುಕೊಳ್ಳುತ್ತದೆ. ನಾಳೆ ತೆಗೆದುಹಾಕಬಹುದು ಅಂತ ಗೊತ್ತಿರುವ ಸದಸ್ಯ ಸಭೆಯಲ್ಲಿ ಎದ್ದು ನಿಂತು ಇದು ತಪ್ಪು ಅಂತ ಹೇಳಬೇಕಾದರೆ ಎಷ್ಟು ಧೈರ್ಯ ಬೇಕು ಯೋಚನೆ ಮಾಡಿ. ಜೊತೆಗೆ ಇನ್ನೊಂದು ಸಾಲು ಇರುತ್ತದೆ, ಸ್ಥಾನ ಖಾಲಿ ಇದೆ ಅನ್ನುವ ಒಂದೇ ಕಾರಣಕ್ಕೆ ಪರಿಷತ್ತಿನ ನಡವಳಿ ಅಸಿಂಧು ಆಗುವುದಿಲ್ಲ ಅಂತ. ಅದರ ಉದ್ದೇಶ ಒಳ್ಳೆಯದೇ. ಯಾರೋ ಒಬ್ಬರು ತೀರಿಕೊಂಡರು, ರಾಜೀನಾಮೆ ಕೊಟ್ಟರು ಅಂತ ಎಲ್ಲಾ ಕೆಲಸ ನಿಲ್ಲಬಾರದು. ಆದರೆ ಹೊರಗಿನವರ ಅಷ್ಟೂ ಕುರ್ಚಿ ಖಾಲಿ ಬಿಟ್ಟು ಅಧಿಕಾರಿಗಳಷ್ಟೇ ಕೂತು ತೀರ್ಮಾನ ಮಾಡುವುದಕ್ಕೂ ಇದೇ ಸಾಲು ಆಸರೆ ಆದರೆ?

2014ರಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯಲ್ಲಿ ಇಂಥದ್ದೇ ಆಯಿತು. ವನ್ಯಜೀವಿ ಕಾಯ್ದೆ ಪ್ರಕಾರ ಅದರಲ್ಲಿ 10 ಮಂದಿ ಪರಿಸರ ತಜ್ಞರು, 5 ಸರ್ಕಾರೇತರ ಸಂಸ್ಥೆಗಳ ಪ್ರತಿನಿಧಿಗಳು ಇರಬೇಕು. ಆ ವರ್ಷ ಮಂಡಳಿಯನ್ನು ಮತ್ತೆ ರಚಿಸಿದಾಗ ಈ 15ರ ಜಾಗಕ್ಕೆ ಬೆರಳೆಣಿಕೆಯಷ್ಟು ಜನರನ್ನು ಮಾತ್ರ ಹಾಕಿದ್ದರು. ಅದರ ಸ್ಥಾಯಿ ಸಮಿತಿ ಹಲವು ಯೋಜನೆಗಳಿಗೆ ಒಪ್ಪಿಗೆಯನ್ನೂ ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಆಗಸ್ಟ್‌ನಲ್ಲಿ ಆ ತೀರ್ಮಾನಗಳಿಗೆ ತಡೆ ಬಿತ್ತು. ಯಾರೋ ಕೋರ್ಟಿಗೆ ಹೋದರು, ಅದಕ್ಕೇ ಗೊತ್ತಾಯಿತು. ಎಷ್ಟು ಸಮಿತಿಗಳ ವಿಷಯದಲ್ಲಿ ಯಾರೂ ಹೋಗುವುದೇ ಇಲ್ಲ ಅಲ್ವಾ.

ಸಭೆ ಆದರೂ ಅದು ಸಭೆಯಾಗಿರುತ್ತದಾ? ಒಂದು ಸಮಿತಿಯ ನಡವಳಿ ಓದಿದ್ದೆ, ಹೆಸರು ಬೇಡ. ಮೊದಲ ಪುಟ ಪೂರ್ತಿ ಹಾಜರಿದ್ದವರ ಪಟ್ಟಿ, ಅದರಲ್ಲಿ ಅರ್ಧ ಜನ "ಪರವಾಗಿ" ಬಂದವರು. ಹಿಂದಿನ ಸಭೆಯ ನಡವಳಿ ದೃಢೀಕರಿಸಲಾಯಿತು, ಒಂದು ಸಾಲು. ಆಮೇಲೆ ಪ್ರತಿ ವಿಷಯದ ಕೆಳಗೂ ಒಂದೇ ವಾಕ್ಯ: "ಕೂಲಂಕಷವಾಗಿ ಚರ್ಚಿಸಿ ಅಗತ್ಯ ಕ್ರಮ ಕೈಗೊಳ್ಳಲು ಸೂಚಿಸಲಾಯಿತು." ಯಾರಿಗೆ ಸೂಚಿಸಿದರು? ಯಾವಾಗಿನೊಳಗೆ? ಯಾವ ಸದಸ್ಯರು ಏನು ಆಕ್ಷೇಪ ಎತ್ತಿದರು? ಒಂದಕ್ಕೂ ಉತ್ತರ ಇಲ್ಲ. ಕೊನೆಗೆ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು", ಅದರ ಕೆಳಗೆ ಖಾಲಿ, ಮತ್ತೆ ವಂದನಾರ್ಪಣೆ. ಇಷ್ಟಕ್ಕೆ ದೂರದ ತಾಲ್ಲೂಕಿನಿಂದ ಬೆಳಗ್ಗೆ ಬಸ್ ಹತ್ತಿ ಬಂದ ಸದಸ್ಯರ ಬಗ್ಗೆ ನನಗೆ ನಿಜಕ್ಕೂ ಬೇಜಾರಾಯಿತು.

ಹಾಗಂತ ದಾರಿ ಇಲ್ಲ ಅಂತಲ್ಲ. ನಮ್ಮದೇ ಕಾನೂನುಗಳಲ್ಲಿ ದಾರಿ ಇದೆ. 1995ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ನಿಯಮಗಳಲ್ಲಿ ಮುಖ್ಯಮಂತ್ರಿ ಅಧ್ಯಕ್ಷತೆಯ ರಾಜ್ಯ ಜಾಗೃತಿ ಸಮಿತಿ ವರ್ಷಕ್ಕೆ 2 ಸಲ, ಜನವರಿ ಮತ್ತು ಜುಲೈನಲ್ಲಿ ಸೇರಬೇಕು ಅಂತ ತಿಂಗಳನ್ನೇ ಬರೆದಿದ್ದಾರೆ. ತಿಂಗಳು ಬರೆದಿದ್ದರೆ ಫೆಬ್ರವರಿ 1ಕ್ಕೇ ಯಾಕೆ ಆಗಲಿಲ್ಲ ಅಂತ ಕೇಳಬಹುದು. "ವರ್ಷಕ್ಕೆ ಎರಡು" ಅಂತ ಮಾತ್ರ ಇದ್ದರೆ ಡಿಸೆಂಬರ್ ತನಕ ಬಾಯಿ ಮುಚ್ಚಿಕೊಂಡು ಕಾಯಬೇಕು.

ಕಂಪನಿ ಕಾಯ್ದೆ ಇದಕ್ಕಿಂತ ಗಟ್ಟಿ. ನಿರ್ದೇಶಕರ ಮಂಡಳಿ ವರ್ಷಕ್ಕೆ ಕನಿಷ್ಠ 4 ಸಲ ಸೇರಬೇಕು, ಎರಡು ಸಭೆಗಳ ನಡುವೆ 120 ದಿನಕ್ಕಿಂತ ಜಾಸ್ತಿ ಅಂತರ ಇರಬಾರದು. ನೋಟಿಸ್ ಕೊಡಬೇಕಾದ ಅಧಿಕಾರಿ ಕೊಡದಿದ್ದರೆ 25,000 ರೂಪಾಯಿ ದಂಡ. 12 ತಿಂಗಳಲ್ಲಿ ಒಂದೂ ಸಭೆಗೆ ಬಾರದ ನಿರ್ದೇಶಕರ ಸ್ಥಾನ ತಾನಾಗಿಯೇ ಹೋಗುತ್ತದೆ. ಇನ್ನು ಮತದ ಹಕ್ಕಿರುವ ಷೇರುಗಳಲ್ಲಿ ಹತ್ತನೇ ಒಂದು ಭಾಗ ಇರುವವರು ಷೇರುದಾರರ ಸಭೆ ಕರೆಯಿರಿ ಅಂತ ಬರೆದುಕೊಟ್ಟರೆ ಮಂಡಳಿ 21 ದಿನದೊಳಗೆ ಅದಕ್ಕೆ ಏರ್ಪಾಡು ಶುರು ಮಾಡಬೇಕು. ಮಾಡದಿದ್ದರೆ ಕೇಳಿದವರೇ ಕರೆಯಬಹುದು, ಖರ್ಚು ಕಂಪನಿ ಕೊಡಬೇಕು, ಆ ದುಡ್ಡನ್ನು ತಪ್ಪು ಮಾಡಿದ ನಿರ್ದೇಶಕರ ಸಂಭಾವನೆಯಲ್ಲಿ ಹಿಡಿದುಕೊಳ್ಳಬೇಕು! ಷೇರುದಾರನಿಗೆ ಇಷ್ಟೆಲ್ಲ ರಕ್ಷಣೆ ಕೊಟ್ಟ ನಾವು, ಸಾರ್ವಜನಿಕರ ಪರವಾಗಿ ಕೂತ ಸದಸ್ಯನಿಗೆ ಇದರಲ್ಲಿ ಕಾಲು ಭಾಗವನ್ನೂ ಯಾಕೆ ಕೊಡುವುದಿಲ್ಲ?

ನಾನು ಕೇಳುವುದು ಜಾಸ್ತಿ ಏನಿಲ್ಲ. ಮೂರನೇ ಒಂದು ಭಾಗ ಸದಸ್ಯರು ಸಹಿ ಹಾಕಿ ಕೊಟ್ಟರೆ ಸದಸ್ಯ ಕಾರ್ಯದರ್ಶಿ 21 ದಿನದಲ್ಲಿ ಸಭೆ ಕರೆಯಲೇಬೇಕು, ಅಧ್ಯಕ್ಷರು ಬಾರದಿದ್ದರೆ ಬಂದವರೇ ಒಬ್ಬರನ್ನು ಆರಿಸಿಕೊಂಡು ನಡೆಸಬೇಕು. ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಲೆಕ್ಕ ಹಾಕುವಾಗ ಹೊರಗಿನ ಸದಸ್ಯರು ಇಷ್ಟು ಮಂದಿ ಇರಲೇಬೇಕು ಅಂತ ಇರಬೇಕು, ಆಗ ಆ ಕುರ್ಚಿಗಳನ್ನು ಖಾಲಿ ಬಿಡುವುದು ಸರ್ಕಾರಕ್ಕೇ ಕಷ್ಟವಾಗುತ್ತದೆ. ಅವಧಿಗೆ ಮುಂಚೆ ತೆಗೆಯುವುದಾದರೆ ಕಾರಣ ಬರೆದು ಕೊಡಬೇಕು. ಡಿಸಿಗೆ ಹತ್ತಾರು ಸಮಿತಿ ಇರುತ್ತವೆ, ಅವರಿಗೆ ಟೈಮ್ ಎಲ್ಲಿ ಅಂತ ಕೆಲವರು ಕೇಳುತ್ತಾರೆ. ನಿಜ, ಅವರ ಕಷ್ಟ ನನಗೂ ಗೊತ್ತು. ಅದಕ್ಕೇ ಹೇಳುತ್ತಿರುವುದು, ಸಭೆ ಅವರೊಬ್ಬರ ಬಿಡುವಿನ ಮೇಲೆ ನಿಲ್ಲಬಾರದು ಅಂತ.

ನಿಯಮ ಬದಲಾಗುವ ತನಕ ನಾವೂ ಒಂದು ಕೆಲಸ ಮಾಡಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಪ್ರತಿ ಕಚೇರಿಯೂ ಸಲಹೆಗಾಗಿ ರಚಿಸಿದ ಮಂಡಳಿ, ಪರಿಷತ್ತು, ಸಮಿತಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಅವುಗಳ ಸಭೆಗೆ ಸಾರ್ವಜನಿಕರು ಹೋಗಬಹುದಾ, ನಡವಳಿ ನೋಡಲು ಸಿಗುತ್ತದಾ ಅನ್ನುವುದನ್ನೂ ಹೇಳಬೇಕು. ನಿಮ್ಮ ಜಿಲ್ಲೆಯ ಡಿಸಿ ಕಚೇರಿಯ ವೆಬ್‌ಸೈಟ್ ತೆರೆದು ಗ್ರಾಹಕ ಪರಿಷತ್ತಿನ ಸದಸ್ಯರ ಪಟ್ಟಿ ಮತ್ತು ಕಳೆದ ಎರಡು ಸಭೆಗಳ ನಡವಳಿ ಹುಡುಕಿ. ಸಿಕ್ಕರೆ ಇಲ್ಲಿ ಲಿಂಕ್ ಹಾಕಿ. ಸಿಗದಿದ್ದರೆ 10 ರೂಪಾಯಿ ಶುಲ್ಕದ ಒಂದು ಅರ್ಜಿ ಹಾಕಿ: ಕೊನೆಯ ಸಭೆ ಯಾವತ್ತು ಆಯಿತು, ನೋಟಿಸ್ ಯಾವತ್ತು ಹೋಯಿತು, ಎಷ್ಟು ಸ್ಥಾನ ಖಾಲಿ ಇವೆ, ಎಂದಿನಿಂದ. ಬಂದ ಉತ್ತರವನ್ನು ಇದೇ ಪೋಸ್ಟಿನ ಕೆಳಗೆ ಹಾಕಿ, ಜಿಲ್ಲಾವಾರು ನಾನೇ ಒಟ್ಟು ಮಾಡುತ್ತೇನೆ.